ಕತ್ತರಿಯ ಲೆಕ್ಕ

ಸಾರ್ಪಿಯ ಗಡಿ ಗೇಟಿನಲ್ಲಿ ಸಾಲು ನಿಂತಾಗ
ಮಾಡಲು ಬೇರೇನಿದೆ, ಲೆಕ್ಕ ಹಾಕುತ್ತೇವೆ:
ಗುಲಿಕೋ ಬೆರಳೆಣಿಸಿ,
ನಾನು ಬಾಯಿಲೆಕ್ಕ,
ಮಕ್ವಾಲಾ ಸಿಗರೇಟು ಪ್ಯಾಕಿನ ಬೆನ್ನ ಮೇಲೆ;
ಶಾಲೆ ಮುಚ್ಚುವ ತನಕ ಗಣಿತ ಹೇಳಿಕೊಟ್ಟವಳು,
ಕೈ ಸುಮ್ಮನಿರುವುದಿಲ್ಲ.

ಬತೂಮಿಯ ಹೋಟೆಲಿನಲ್ಲಿ ಹಾಸಿಗೆ ಹೊದಿಕೆ ಒಗೆದರೆ
ತಿಂಗಳ ಕೊನೆಗೆ ಒಂದಿಷ್ಟು ಲಾರಿ.
ಲಾರಿ, ನಮ್ಮ ದುಡ್ಡಿನ ಹೆಸರು;
ಹಳೆಯ ಮಾತಿನಲ್ಲಿ ಕೂಡಿಟ್ಟ ಗಂಟು ಎಂದರ್ಥ.
ನಮ್ಮಲ್ಲಿರುವ ಗಂಟು ಮೊಣಕಾಲಿನದು.

ಗೇಟಿನಾಚೆ, ತುರ್ಕಿಯವರ ರೀಜೆಯಲ್ಲಿ
ಚಹಾ ಕತ್ತರಿ ಹಿಡಿದರೆ
ಅಲ್ಲಿಯ ಒಂದು ದಿನಕ್ಕೆ ಇಲ್ಲಿಯ ಮೂರೂವರೆ ದಿನ.
ಮೂರೂವರೆ ಎಂದು ಬರೆದಳು ಮಕ್ವಾಲಾ,
ಕೆಳಗೆ ಗೆರೆ ಎಳೆದು
ಕಳೆಯಲು ಶುರುಮಾಡಿದಳು.

ದೂರದ ಬೆಟ್ಟ ನುಣ್ಣಗೆ.
ರೀಜೆಯ ಬೆಟ್ಟ ನಿಜಕ್ಕೂ ನುಣ್ಣಗೆ, ದೂರದಿಂದ,
ಈಗಷ್ಟೇ ಕ್ಷೌರ ಮಾಡಿಸಿಕೊಂಡ ತಲೆಯ ಹಾಗೆ.
ಆ ಕ್ಷೌರದವರು ನಾವು.
ಕತ್ತರಿಗೆ ಕಟ್ಟಿದ ಚೀಲ ಕಚಕ್ ಕಚಕ್ ತುಂಬುತ್ತದೆ,
ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ,
ಮಳೆಯೋ ಬೆವರೋ, ಕತ್ತಿಗೆ ಎರಡೂ ಒಂದೇ.
ಸಂಜೆ ಮೂಟೆ ತಂತಿಯ ಮೇಲೆ ಜಾರಿ
ಕೆಳಗಿನ ರಸ್ತೆಗೆ ಹಾಯಾಗಿ ಇಳಿಯುತ್ತದೆ,
ನಾವು ನಡೆದು.

ಒಡತಿ ಹಾಜೆರ್ ಕೆಟ್ಟವಳಲ್ಲ.
ಗಂಡನ ಹಳೆಯ ಬೂಟು ಕೊಟ್ಟಳು,
ನಾವು ಮಲಗುವ ಕೊಟ್ಟಿಗೆಗೆ ಬಾಡಿಗೆ ಮುರಿದುಕೊಂಡಳು.
ಎರಡೂ ಒಂದೇ ಕೈ.
"ನಿಮ್ಮ ಕಡೆ ಚಹಾ ಬಿಡಿಸಿದರೆ ಏನು ಕೊಡುತ್ತಾರೆ?" ಎಂದಳು.
ನಮ್ಮ ಕಡೆಯ ತೋಟದ ಮೇಲೆ ಮುಳ್ಳುಪೊದೆ ಬೆಳೆದು
ಮೂವತ್ತು ವರ್ಷ, ಏನು ಹೇಳಲಿ?
ಸೋವಿಯತ್ ಕಾಲದಲ್ಲಿ ಅಮ್ಮನಿಗೆ ಸಿಕ್ಕಿತ್ತು
ಸಂಬಳ, ಒಂದು ಪದಕ,
ಸಮುದ್ರದಂಡೆಯ ಆರೋಗ್ಯಧಾಮದಲ್ಲಿ ಹನ್ನೆರಡು ದಿನ,
ಮತ್ತೆ ಬೆನ್ನುನೋವು.
ಮೊದಲ ಮೂರೂ ಹೋದವು,
ಕೊನೆಯದು ನನ್ನ ಪಾಲಿಗೆ ಬಂತು.

ಹಾಜೆರ್ ನಕ್ಕಳು. ಅವಳ ನಾದಿನಿ
ಡಾರ್ಟ್‌ಮುಂಡಿನಲ್ಲಿ ರೈಲುಡಬ್ಬಿ ತೊಳೆಯುತ್ತಾಳೆ;
ಅಲ್ಲಿಯ ಒಂದು ಗಂಟೆಗೆ ರೀಜೆಯ ಅರ್ಧ ದಿನವಂತೆ.
"ಆದರೂ ಫೋನು ಮಾಡಿದಾಗಲೆಲ್ಲ ಅಳುತ್ತಾಳೆ,
ಪಕ್ಕದ ಡಬ್ಬಿ ತೊಳೆಯುವ ಜರ್ಮನ್ನಳಿಗೆ ಹೆಚ್ಚು ಅಂತ."

ಜುಲೈಯಲ್ಲಿ ಖರೀದಿ ಕೇಂದ್ರದ ಬಾಗಿಲು ಹಾಕಿತು.
ಈ ವಾರದ ಪ್ರಮಾಣ ಮುಗಿಯಿತಂತೆ.
ಮೂಟೆಯೊಳಗೆ ಕೈಯಿಟ್ಟರೆ ಜ್ವರ ಬಂದ ಮಗುವಿನ ಹೊಟ್ಟೆ,
ಸೊಪ್ಪು ಒಳಗೊಳಗೇ ಬೇಯುತ್ತಿತ್ತು.
ನಾಲ್ಕು ದಿನ ಕೆಲಸವಿಲ್ಲ, ಕೂಲಿಯಿಲ್ಲ,
ಹಸಿವಿಗೆ ಮಾತ್ರ ರಜೆಯಿಲ್ಲ.
ಕಾಗದವಿಲ್ಲದವರು ಯಾರನ್ನು ಕೇಳಬೇಕು?
ದುಡಿತಕ್ಕುಂಟು, ಲೆಕ್ಕಕ್ಕಿಲ್ಲ.

ಅದೇ ವಾರ ಹೋಪಾದ ಹಣ ಬದಲಿಸುವ ಅಂಗಡಿಯಲ್ಲಿ
ಹುಡುಗನೊಬ್ಬ ಸ್ಟೂಲು ಹತ್ತಿ
ಹಲಗೆಯ ಮೇಲಿನ ಅಂಕಿ ಬದಲಿಸಿದ.
ನಮ್ಮ ಕೂಲಿಯನ್ನು ಯಾರೂ ಇಳಿಸಲಿಲ್ಲ,
ಅದೇ ನೋಟು, ಅದೇ ಎಣಿಕೆ, ಅದೇ ಹಾಜೆರ್‌ಳ ಎಂಜಲು ಬೆರಳು.
ಮೂರೂವರೆ ಮಾತ್ರ ಎರಡೂಮುಕ್ಕಾಲಾಗಿತ್ತು,
ನಾವು ನಿದ್ದೆಯಲ್ಲಿದ್ದಾಗ.

ಆಗಸ್ಟಿನಲ್ಲಿ ಗುಲಿಕೋಳ ಎಡಗೈ.
ಮಂಜಿತ್ತು, ಕತ್ತರಿಗೆ ಕಣ್ಣಿಲ್ಲ.
ಆಸ್ಪತ್ರೆಯಲ್ಲಿ ಹೆಸರು ಬರೆಸಬೇಕಾಗುತ್ತದೆಂದು
ಹಾಜೆರ್ ತಾನೇ ತಲೆವಸ್ತ್ರ ಹರಿದು ಕಟ್ಟಿದಳು,
ಅತ್ತಳು ಕೂಡ.
ಅರ್ಧ ದಿನದ ಕೂಲಿ ಹಿಡಿದಳು.

ಈಗ ಹಿಂದಿರುಗುವ ಸಾಲು. ಎಡಗಡೆ ಕಪ್ಪು ಸಮುದ್ರ,
ಯಾವ ದಡಕ್ಕೂ ಸಮನಾಗಿ ಉಪ್ಪು.
ಮಕ್ವಾಲಾ ಪ್ಯಾಕು ತೆಗೆದಳು, ಕಳೆದಳು:
ಬಸ್ಸು, ಬಾಡಿಗೆ, ಮಧ್ಯವರ್ತಿ,
ಖಾಲಿ ಕೂತ ನಾಲ್ಕು ದಿನ, ಹಲಗೆಯ ಹುಡುಗ.
"ಹೋಟೆಲಿಗಿಂತ ಸ್ವಲ್ಪ ಮೇಲು" ಎಂದಳು.
ಸ್ವಲ್ಪ ಎಂದರೆ ಎಷ್ಟು, ಟೀಚರ್?
"ಒಂದು ಚಳಿಗಾಲದ ಸೌದೆ."
ಚಳಿ ಹೆಚ್ಚಾದರೆ?
ಅದಕ್ಕವಳು ಉತ್ತರ ಕೊಡಲಿಲ್ಲ.

ಗುಲಿಕೋ ಬೆರಳೆಣಿಸುತ್ತಲೇ ಇದ್ದಳು,
ಕಿರುಬೆರಳಿಗೆ ಬಂದಾಗಲೆಲ್ಲ ತಪ್ಪಿ
ಮತ್ತೆ ಮೊದಲಿಂದ.

ಕಿಟಕಿಯಾಚೆಯ ಅಧಿಕಾರಿ ಕೇಳಿದ:
ತೋರಿಸುವಂಥದ್ದು ಏನಾದರೂ?
ಒಂದು ಕಿಲೋ ಚಹಾ, ಎಂದೆ.
ಮೂಸಿ ನೋಡಿ, ಮುದ್ರೆಯೊತ್ತಿದ.